ಅವನ ಕೈಯ ಹೂಗುಚ್ಛ

ನವೆಂಬರ್ ೧೪, ಓಡೆನ್ಸೆ

ಚೌಕದಲ್ಲಿ ಕುರಾನ್ ಸುಟ್ಟದ್ದಕ್ಕೆ ನಮ್ಮ ವಲಸೆ ವಿರೋಧಿ ಪಕ್ಷದ ಟೋರ್ಬೆನ್‌ಗೆ ಇಂದು ಶಿಕ್ಷೆಯಾಯಿತು. ನ್ಯಾಯಾಲಯದ ಮೆಟ್ಟಿಲ ಮೇಲೆ ಅವನಿಗೆ ಹೂಗುಚ್ಛ, ಸುತ್ತ ಕ್ಯಾಮೆರಾಗಳು. ಮಧ್ಯಾಹ್ನವೇ ಪಕ್ಷದ ಅಧ್ಯಕ್ಷ ಪ್ರೆಬೆನ್ ಫೋನ್ ಮಾಡಿದ.

"ಚುನಾವಣೆಗೆ ನಮ್ಮ ಅಭ್ಯರ್ಥಿ ಪಟ್ಟಿಯಲ್ಲಿ ಮೊದಲ ಹೆಸರು ಅವನದೇ, ಕಿರ್ಸ್ಟನ್. ನಿನ್ನ ವಲಸೆ ವರದಿನೂ ಚೆನ್ನಾಗಿದೆ, ನಿದ್ದೆ ಬರದಿದ್ರೆ ಓದ್ತೀನಿ."

ವರ್ಷಗಟ್ಟಲೆ ದುಡಿದವಳು ನಾನು. ಅವನದು ಒಂದು ಬೆಂಕಿಕಡ್ಡಿ. ಅವನು ಮಾಡಿದ್ದು ಹೇಸಿಗೆಯೆಂದೇ ನಂಬಿದ್ದೇನೆ. ಆದರೂ ಆ ಹೂವು ಕಂಡು ಹೊಟ್ಟೆ ಉರಿಯುತ್ತಿದೆ.

ಸಂಜೆ ಬ್ರೆಡ್ ತರಲು ಹೋದಾಗ ಅಂಗಡಿಯ ನೆವಿನ್ ಕೈ ಹಿಡಿದುಕೊಂಡಳು. "ಅವತ್ತು ಅವನು ಕುರಾನ್ ಸುಟ್ಟಾಗ ನಮ್ಮಮ್ಮ ಊಟಾನೇ ಮಾಡ್ಲಿಲ್ಲ, ಅಕ್ಕಾ. ನೀವೂ ಅದೇ ಪಕ್ಷ, ಆದ್ರೆ ಅವನ ಥರ ಅಲ್ಲ ಬಿಡಿ."

ಅವಳು ಹೇಳಿದ್ದು ಪ್ರೀತಿಯಿಂದ. ನನಗೆ ಕೇಳಿಸಿದ್ದು ಮಾತ್ರ, ನೀನು ಅವನಷ್ಟಿಲ್ಲ ಎಂದು. ಕೈ ಬಿಡಿಸಿಕೊಂಡು ಬಂದೆ. ಅವನಂತಾಗಲು ಏನು ಮಾಡಬೇಕಾದೀತು ಎಂದು ಇಷ್ಟು ಹೊತ್ತು ಯೋಚಿಸುತ್ತಿದ್ದೆನಲ್ಲ, ನಾನು!