ಒಂಬತ್ತು ಇಪ್ಪತ್ತರ ಫೋನ್

ಕುರಿಚಿ, ಕೊಯಮತ್ತೂರು
14–11–2024, ಗುರುವಾರ

ಶಾರದಾ,

ನೀನು ಕ್ಷೇಮವಾಗಿರುವೆ ಎಂದು ನಂಬಿ ಬರೆಯುತ್ತಿದ್ದೇನೆ. ನಾಲ್ಕು ವರ್ಷಗಳ ಮೇಲೆ ನನ್ನ ಕೈಬರಹ ಕಂಡು ಲಕೋಟೆಯನ್ನು ಒಡೆಯದೆ ಇಡಬೇಡ.

ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಕನ್ನಡ ಆಡಿದವರೇ ಹೊರತು ಓದಿದವರಿಲ್ಲ. ನಂಜನಗೂಡಿನಿಂದ ಸೊಸೆಯಾಗಿ ಬಂದ ನೀನು, ಮದುವೆಯಾದ ವರ್ಷ ನನ್ನ ಕೈ ಹಿಡಿದು ಈ ಅಕ್ಷರ ತಿದ್ದಿಸಿದೆ. ಇಂದಿಗೂ ಈ ಬೀದಿಯಲ್ಲಾಗಲಿ ನಮ್ಮ ಚರ್ಚಿನ ಸಭೆಯಲ್ಲಾಗಲಿ ಇದನ್ನು ಓದಬಲ್ಲವರಿಲ್ಲ. ಬರೆಯುವ ಧೈರ್ಯ ಬಂದದ್ದು ಬಹುಶಃ ಅದರಿಂದಲೇ.

ಸೋಮವಾರಕ್ಕೆ ಫೌಂಡ್ರಿಯ ಅಪಘಾತಕ್ಕೆ ಐದು ವರ್ಷ. ಅದರ ಹಿಂದಿನ ಭಾನುವಾರ ಪಾಸ್ಟರ್ ದೀನದಯಾಳನ್ ನನ್ನನ್ನು ಸಾಕ್ಷಿ ಹೇಳಲು ಕರೆಯುವುದು ರೂಢಿ. ದೇವರು ತನಗೆ ಮಾಡಿದ್ದನ್ನು ಎಲ್ಲರ ಮುಂದೆ ಎದ್ದು ನಿಂತು ಹೇಳಬೇಕು. ನನ್ನದು ನಿನಗೂ ಗೊತ್ತು: ಕರಗಿದ ಕಬ್ಬಿಣ ತುಂಬಿದ ದೊಡ್ಡ ಬಕೆಟ್ಟು, ಲೇಡಲ್, ಕೊಕ್ಕೆಯಲ್ಲಿ ತೂಗಿ ಮೇಲೇಳುವ ಹೊತ್ತು, ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ನನಗೊಂದು ಫೋನ್ ಬಂತು, ಸದ್ದಿನಲ್ಲಿ ಕೇಳಿಸದೆ ಕಂಬದ ಆಚೆಗೆ ಹೋದೆ, ಆ ಕಡೆ ಯಾರ ದನಿಯೂ ಇರಲಿಲ್ಲ, ಅಷ್ಟರಲ್ಲಿ ಕೊಕ್ಕೆ ಮುರಿಯಿತು. ಲೇಡಲ್ ಪಕ್ಕದಲ್ಲಿದ್ದ ಗುರುಸಾಮಿ ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ನಾನು ಉಳಿದೆ. ಕರೆದದ್ದು ದೇವರು ಎನ್ನುತ್ತೇನೆ. ಸಭೆ ಅಳುತ್ತದೆ.

ಮುಂದಿನ ಸಾಲಿನಲ್ಲಿ ಗುರುಸಾಮಿಯ ಹೆಂಡತಿ ಮಲ್ಲಿಗಾ ಕೂತಿರುತ್ತಾಳೆ. ಆಕೆಯನ್ನು ಸಭೆಗೆ ತಂದದ್ದೇ ಆ ಸಾಕ್ಷಿ. ಪ್ರತಿ ಸಲವೂ ಮುಗಿದ ಮೇಲೆ ಬಂದು, “ಇಬ್ಬರಲ್ಲಿ ಒಬ್ಬರನ್ನಾದ್ರೂ ಕರ್ತರು ಕಾಪಾಡಿದ್ರಲ್ಲಣ್ಣಾ, ನನಗೆ ಅದೇ ಆರುದಲ್,” ಎನ್ನುತ್ತಾಳೆ. ಅದೇ ಸಮಾಧಾನವಂತೆ. ನಾನು ತಲೆಯಾಡಿಸುತ್ತೇನೆ.

ನೀನು ಒಂದೇ ಒಂದು ಸಲ ಕೇಳಿದೆ. ನನ್ನ ಫೋನ್ ಕೈಯಲ್ಲಿ ಹಿಡಿದು, “ರೀ, ಆವತ್ತಿನ ಪಟ್ಟಿಯಲ್ಲಿ ಒಂಬತ್ತು ಇಪ್ಪತ್ತಕ್ಕೆ ಯಾರ ಫೋನೂ ಇಲ್ಲವಲ್ಲ?” ಎಂದೆ. ದೇವರ ಕರೆ ಪಟ್ಟಿಯಲ್ಲಿ ಬರುವುದಿಲ್ಲ ಎಂದು ನಾನು ಉತ್ತರಿಸಿದೆ. ನೀನು ಫೋನನ್ನು ಮೇಜಿನ ಮೇಲಿಟ್ಟೆ. ಆ ತಿಂಗಳೇ ಪೀಳಮೇಡಿನ ಹಾಸ್ಟೆಲಿಗೆ ವಾರ್ಡನ್ ಕೆಲಸಕ್ಕೆ ಹೊರಟುಹೋದೆ. ನಾನು ಕ್ರೈಸ್ತನಾದದ್ದಕ್ಕೆ ನೀನು ಬಿಟ್ಟುಹೋದೆ ಎಂದು ನಂಟರು ಅಂದುಕೊಂಡರು. ನಾನು ತಿದ್ದಲಿಲ್ಲ. ನೀನು ದೀಪ ಹಚ್ಚುತ್ತಿದ್ದೆ, ನಾನು ಮೊಣಕಾಲೂರುತ್ತಿದ್ದೆ. ಅದರಿಂದ ನಮ್ಮಲ್ಲಿ ಒಂದು ದಿನವೂ ಜಗಳವಾದದ್ದಿಲ್ಲ.

ಫೋನ್ ಬಂದಿರಲಿಲ್ಲ, ಶಾರದಾ.

ನನ್ನ ಕೆಲಸ ನಿನಗೆ ಗೊತ್ತು. ಲೇಡಲ್ ತೂಗುವ ಕೊಕ್ಕೆಯನ್ನು ಬೆಳಿಗ್ಗೆ ಸರಪಳಿಯಲ್ಲಿ ಖಾಲಿಯಾಗಿ ಇಳಿಬಿಟ್ಟು, ಸಣ್ಣ ಸುತ್ತಿಗೆಯಿಂದ ತಟ್ಟಿ ಕೇಳಬೇಕು. ಗಟ್ಟಿಯಿದ್ದರೆ ಗಂಟೆಯಂತೆ ನಾದ ಎಳೆಯುತ್ತದೆ. ಒಳಗೆ ಬಿರುಕಿದ್ದರೆ ಠಕ್ ಎಂದು ಅಲ್ಲೇ ಸಾಯುತ್ತದೆ. ಗುರುಸಾಮಿ ದಿನವೂ ನಗುತ್ತಿದ್ದ: “ಏನಣ್ಣಾ, ನಾಡಿ ಹೆಂಗೈತೆ? ಜರಾ ಗಿರಾ ಬಂದೈತಾ ಅದಕ್ಕೆ?” ತಮಿಳು ತುಂಬಿದ ಆ ಶೆಡ್ಡಿನಲ್ಲಿ ನನ್ನೊಡನೆ ಕನ್ನಡವಾಡುತ್ತಿದ್ದವನು ಅವನೊಬ್ಬನೇ. ಮಗ್ಗ ಬಿಟ್ಟು ಬಂದ ನಮ್ಮ ನೇಕಾರ ಕುಲದವನೇ.

ಆ ಸೋಮವಾರ ಕೊಕ್ಕೆ ಠಕ್ ಎಂದಿತು. ಇನ್ನೊಮ್ಮೆ ತಟ್ಟಿದೆ. ಠಕ್. ಕುಲುಮೆಯಲ್ಲಿ ಕಬ್ಬಿಣ ಹದಕ್ಕೆ ಬಂದಿತ್ತು. ಬೇರೆ ಕೊಕ್ಕೆ ತರಿಸಿ ಹಾಕಲು ನಲವತ್ತು ನಿಮಿಷ ಬೇಕು. ಅಷ್ಟರಲ್ಲಿ ಆ ಕಬ್ಬಿಣವೆಲ್ಲ ಹಾಳು. ಒಂದು ಪಾಳಿ ತಡೆದೀತು ಎಂದು ಅಂದಾಜಿಸಿ, ಕೊಕ್ಕೆ ಸರಿಯಿದೆ ಎಂದು ಪುಸ್ತಕದಲ್ಲಿ ಸಹಿ ಹಾಕಿದೆ. ಗುರುಸಾಮಿ ಒಳಗೆ ಬರುವಷ್ಟರಲ್ಲಿ ನಾನು ಸಹಿ ಹಾಕಿ ಆಚೆ ಸರಿದಿದ್ದೆ. ಲೇಡಲ್ ಏಳುವ ಹೊತ್ತಿಗೆ ಕಂಬದ ಹಿಂದೆ ನಿಂತಿದ್ದೆ. ಯಾರೂ ಕರೆಯಲಿಲ್ಲ. ಆ ಠಕ್ ಸದ್ದನ್ನು ಕೇಳಿದ್ದರಿಂದಲೇ ಅಲ್ಲಿ ನಿಂತಿದ್ದೆ. ಹೊರಗಿನಿಂದ ತಿಳಿಯದ ಒಳದೋಷ ಎಂದು ವಿಚಾರಣೆಯಲ್ಲಿ ಬರೆದುಕೊಟ್ಟವನೂ ನಾನೇ.

ಆಸ್ಪತ್ರೆಯ ವರಾಂಡದಲ್ಲಿ ಮೊದಲ ಸಲ ಯೇಸುವಿನ ಹೆಸರು ಹಿಡಿದು ಬೇಡಿದ್ದು ನಾಟಕವಲ್ಲ. ಗುರುಸಾಮಿ ಉಳಿಯಲಿ ಎಂದು ನಿಜವಾಗಿಯೂ ಬೇಡಿದೆ. ಆದರೆ ಅದೇ ಸಂಜೆ, ನೀವು ಹೇಗೆ ಉಳಿದಿರಿ ಎಂದು ಪಾಸ್ಟರ್ ಕೇಳಿದಾಗ, ಆ ಫೋನನ್ನು ಹುಟ್ಟಿಸಿ ದೇವರ ಹೆಸರಿಗೆ ಹಾಕಿದೆ. ಯಾರನ್ನು ಸುಳ್ಳಿಗೆ ಜೊತೆಗಾರನನ್ನಾಗಿ ಮಾಡಿಕೊಂಡೆನೋ ಅವನ ಹತ್ತಿರ ಹೋಗುವುದು ಹೇಗೆ? “ಅಣ್ಣಾ, ನೀವು ದೇವರಿಗೆ ವರದಿ ಒಪ್ಪಿಸ್ತೀರಿ. ಅಪ್ಪನ ಹತ್ತಿರ ಮಾತಾಡೋ ಥರ ಮಾತಾಡಿ,” ಎಂದು ಪಾಸ್ಟರ್ ಎಷ್ಟೋ ಸಲ ಹೇಳಿದ್ದಾರೆ. ನನ್ನಿಂದಾಗಲಿಲ್ಲ. ಮೊಣಕಾಲೂರಿದೊಡನೆ ಎದೆಗೂಡಿನೊಳಗೆ ಅದೇ ಸದ್ದು: ಠಕ್. ಐದು ವರ್ಷ, ಒಂದು ದಿನವೂ ತಪ್ಪಿಲ್ಲ. ಸಭೆ ಹಾಡುವಾಗ ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತೇನೆ. ಅದು ಭಕ್ತಿ ಎಂದು ಅವರ ಎಣಿಕೆ.

ಕಳೆದ ಮಂಗಳವಾರ ಬೆಳಗಿನ ಜಾವ ಸಿದ್ಧವಾಕ್ಯಗಳು ಬಾಯಿಗೆ ಬರಲಿಲ್ಲ. “ಅಪ್ಪಾ, ಫೋನ್ ಬರಲಿಲ್ಲ,” ಎಂದೆ. ಅಷ್ಟೇ. ಯಾವ ದನಿಯೂ ಕೇಳಿಸಲಿಲ್ಲ. ಆದರೆ ಅವನು ಎದ್ದುಹೋಗಲಿಲ್ಲ ಎನ್ನಿಸಿತು. ಪಕ್ಕದಲ್ಲಿ ಒಬ್ಬರು ಕೇಳುತ್ತ ಕೂತಿರುವಾಗ ಕೋಣೆಗೆ ಒಂದು ತೂಕವಿರುತ್ತದೆ, ಅದು ಇತ್ತು. ಈ ಸದ್ದು ಶಿಕ್ಷೆ ಎಂದೇ ಎಣಿಸಿದ್ದೆ. ದಿನವೂ ಬೆಳಿಗ್ಗೆ ಯಾರೋ ನನ್ನನ್ನು ತಟ್ಟಿ, ಕಿವಿಯಿಟ್ಟು ಕೇಳುತ್ತಿದ್ದಾರೆ ಎಂದು ಅಂದು ತಿಳಿಯಿತು. ಒಳಗೆ ಬಿರುಕಿದೆ ಎಂದು ಗೊತ್ತಿದ್ದೂ ಕಂಬದ ಹಿಂದೆ ಸರಿಯದವನು. ಅವನನ್ನು ಕಂಡು ನನಗೆ ಈಗಲೂ ಭಯ. ಆದರೂ ಅವನ ಬಳಿಯಲ್ಲೇ ಇರಬೇಕೆಂಬ ಆಸೆಯಾದದ್ದು ಇದೇ ಮೊದಲು.

ಆದ್ದರಿಂದ ಭಾನುವಾರ ನಿಜವನ್ನೇ ಹೇಳುತ್ತೇನೆ. ಮಲ್ಲಿಗಾ ಸಭೆಯ ನಡುವೆ ಅದನ್ನು ಮೊದಲ ಸಲ ಕೇಳಬಾರದು. ಇದನ್ನೇ ತಮಿಳಿನಲ್ಲಿ ಬರೆದು ನಾಳೆ ಬೆಳಿಗ್ಗೆ ಆಕೆಯ ಕೈಗೆ ಕೊಡುತ್ತೇನೆ. ಆಕೆಯ ನಂಬಿಕೆಯೇ ಮುರಿದುಬಿದ್ದರೆ? ಆದರೂ ಕೊಡುತ್ತೇನೆ. ಸೋಮವಾರ ಇನ್ನೊಂದು ಪ್ರತಿ ಕಾರ್ಖಾನೆ ತಪಾಸಣೆಯ ಕಚೇರಿಗೆ. ಮುಂದಿನದನ್ನು ಕಾನೂನು ನೋಡಿಕೊಳ್ಳಲಿ.

ನೀನು ಬರಬೇಕೆಂದು ಕೇಳುತ್ತಿಲ್ಲ. ನೀನು ಕೇಳಿದ ಪ್ರಶ್ನೆ ಸರಿಯಾಗಿತ್ತು ಎಂದಷ್ಟೇ ತಿಳಿಸಬೇಕಿತ್ತು.

ನೀನು ತಿದ್ದಿಸಿದ ಅಕ್ಷರದಲ್ಲೇ ಸಹಿ ಮಾಡುವ,
ಚೆನ್ನಕೇಶವನ್

ಮರೆತದ್ದು (ಮರೆತದ್ದಲ್ಲ): ಶುಕ್ರವಾರ ಬೆಳಿಗ್ಗೆ. ಮಲ್ಲಿಗಾ ತಮಿಳು ಪ್ರತಿಯನ್ನು ಬಾಗಿಲಲ್ಲೇ ನಿಂತು ಓದಿದಳು. ಅಳಲಿಲ್ಲ, ಬೈಯಲಿಲ್ಲ. “ಅವರು ದಿನಾ ನಿಮ್ಮನ್ನ ನಾಡಿ ಕೇಳ್ತಿದ್ರಲ್ಲಣ್ಣಾ. ಆವತ್ತು ಮಾತ್ರ ಕೇಳಲಿಲ್ಲವಾ?” ಎಂದಳು. ಕೇಳಿದ್ದ, ಶಾರದಾ. ನಾನು ಸಹಿ ಹಾಕುತ್ತಿದ್ದಾಗ ಎದುರಿಗೇ ನಿಂತು ಕೇಳಿದ್ದ. “ಕಲ್ಲಿನ ಹಾಗಿದೆ, ಎತ್ತಪ್ಪಾ,” ಎಂದಿದ್ದೆ. ಅವನು ಬರುವಷ್ಟರಲ್ಲಿ ಆಚೆ ಸರಿದಿದ್ದೆ ಎಂದು ಮೇಲೆ ಬರೆದದ್ದೂ ಸುಳ್ಳು; ಇದನ್ನು ನಿನಗೆ ಬರೆಯಲಿಲ್ಲ. ಮಂಗಳವಾರ ದೇವರಿಗೂ ಹೇಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಆಕೆಗೆ ಹೇಳಿದೆ. ಮಲ್ಲಿಗಾ ಕಾಗದವನ್ನು ನಾಲ್ಕಾಗಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಭಾನುವಾರ ಮುಂದಿನ ಸಾಲಲ್ಲೇ ಕೂತಿರ್ತೀನಿ,” ಎಂದಳು. “ಅದನ್ನೂ ಸೇರಿಸಿ ಹೇಳಿ.”