ಹತ್ತರಲ್ಲಿ ಏಳು ಪಾಲು

ಲೆಕ್ಕದ ಕೋಣೆ, ಎರಡನೆಯ ಮಹಡಿ
ಗುರುವಾರ, ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಚಿನಕುರಳಿ,

ಈ ಕಾಗದವನ್ನು ನೀನು ಮನೆಯವರ ಮುಂದೆ ಗಟ್ಟಿಯಾಗಿ ಓದುವವಳೆಂದು ಬಲ್ಲೆ. ಆದ್ದರಿಂದ ಅಲ್ಲಿ ಕುಳಿತಿರುವ ಎಲ್ಲರಿಗೂ ಮೊದಲು ನನ್ನ ನಮಸ್ಕಾರ. ಕೆಲಸ ಬಿಟ್ಟು ಬಂದವಳನ್ನು ಏಕೆಂದು ಕೇಳದೆ ಒಳಗೆ ಕರೆದುಕೊಂಡ ನಿನ್ನ ಅಜ್ಜಿಗೂ ದೊಡ್ಡಮ್ಮನಿಗೂ ನಾನು ಎಂದೆಂದಿಗೂ ಕೃತಜ್ಞ. ನೀನು ಹೇಗಿದ್ದೀಯ? ಕಣ್ಣುನೋವು ಕಡಿಮೆಯಾಯಿತೇ? ‘ಅಂಕಿ ಕಂಡ್ರೆ ಎದ್ದು ಹೋಗ್ತಾಳೆ, ಕ್ಯಾಲೆಂಡರ್ ಕೂಡ ನೋಡಲ್ಲ’ ಎಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದರು. ಅತ್ತಿಗೆ ತಮಾಷೆಗೆ ಹೇಳಿದ್ದಿರಬಹುದು. ನನಗೆ ನಗು ಬರಲಿಲ್ಲ.

ನಮ್ಮ ಕೋಣೆ ನೀನು ಬಿಟ್ಟುಹೋದಂತೆಯೇ ಇದೆ. ಗಾಜಿನ ಕಿಟಕಿಗೆ ತೆರೆಯುವ ಹಿಡಿಯಿಲ್ಲ, ಪ್ರಿಂಟರು ಎರಡನೆಯ ಪುಟಕ್ಕೆ ಮುನಿಸಿಕೊಳ್ಳುತ್ತದೆ, ಬಾಗಿಲ ಬಳಿ ಕುಳಿತವರಿಗೆ ಚಳಿ, ಒಳಗಿನವರಿಗೆ ಸೆಖೆ. ನಿನ್ನ ಕುರ್ಚಿಗೆ ಹೊಸ ಹುಡುಗಿಯೊಬ್ಬಳು ಬಂದಿದ್ದಾಳೆ. ಗಂಟೆ ಎಷ್ಟೆಂದು ಕೇಳಿದರೂ ಬಿಂದುವಿನಾಚೆ ನಾಲ್ಕು ಅಂಕಿ ಹೇಳುವವಳಾದ್ದರಿಂದ ಎಲ್ಲರೂ ಅವಳನ್ನು ದಶಮಾಂಶ ಎನ್ನುತ್ತಾರೆ. ನಿನಗೆ ಕಲಿಸಿದ್ದನ್ನೇ ಅವಳಿಗೂ ಕಲಿಸಿದೆ. ಅನಿಲಗಳು ಬೆರೆತಾಗ ಮಿಶ್ರಣದ ಸ್ನಿಗ್ಧತೆ, ಅಂದರೆ ಹರಿವಿಗೆ ಅದು ಒಳಗಿನಿಂದಲೇ ಒಡ್ಡುವ ತಡೆ, ಎಷ್ಟೆಂದು ತಿಳಿಯಲು ಪ್ರತಿಯೊಂದರ ಪಾಲಿನಿಂದ ಅದರದರ ಸ್ನಿಗ್ಧತೆಯನ್ನು ಗುಣಿಸಿ ಕೂಡಬೇಕು. ‘ಯಾರ ಪಾಲು ಎಷ್ಟೋ ಅವರ ಮಾತೂ ಅಷ್ಟೇ’ ಎಂಬ ನನ್ನ ಪಾಠ ನಿನಗೆ ಬಾಯಿಪಾಠವಾಗಿತ್ತಲ್ಲವೇ? ಎಷ್ಟೊಂದು ಹೆಮ್ಮೆಯಿಂದ ಹೇಳುತ್ತಿದ್ದೆ ನಾನು.

ಅಭ್ಯಾಸಕ್ಕೆಂದು ಅವಳಿಗೆ ಕೊಟ್ಟದ್ದು ನಿನ್ನ ಗೋಪುರದ ಲೆಕ್ಕದ ಹಾಳೆಯನ್ನೇ: ಅನಿಲ ಹಾಯಿಸಲು ಸಣ್ಣ ಕಾಳು ತುಂಬಿದ ಆ ಗೋಪುರ, ಹತ್ತರಲ್ಲಿ ಏಳು ಪಾಲು ಹೈಡ್ರೋಜನ್, ಮೂರು ಪಾಲು ಇಂಗಾಲದ ಡೈಆಕ್ಸೈಡ್. ಅವಳು ಪೆನ್ನು ಕೆಳಗಿಟ್ಟು ಕೇಳಿದಳು: ‘ಸರ್, ಹೈಡ್ರೋಜನ್ ಏಳು ಪಾಲು ಇರ್ಬಹುದು. ಆದ್ರೆ ಅಷ್ಟು ಹಗುರವಾಗಿರೋದರ ಮಾತನ್ನ ಉಳಿದಿದ್ದು ಯಾಕೆ ಕೇಳ್ಬೇಕು?’ ‘ತಲೆಹರಟೆ ಬೇಡ, ಸೂತ್ರ ಹಾಕು’ ಎಂದೆ. ಮರುದಿನ ಪ್ರಯೋಗಾಲಯದ ಅಳತೆಗಳ ಪಟ್ಟಿಯನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ನಮ್ಮ ಹಾಳೆಯ ಉತ್ತರ ಹತ್ತು ಪಾಯಿಂಟ್ ಏಳು. ಅಳೆದು ಕಂಡದ್ದು ಹದಿನಾಲ್ಕು. ಹರಿಯುವ ಅನಿಲದ ಒಂದು ಪದರದ ವೇಗವನ್ನು ಇನ್ನೊಂದಕ್ಕೆ ಹೊತ್ತೊಯ್ಯುವುದು ಕಣಗಳು. ಭಾರವಾದ ಕಣ ಹೆಚ್ಚು ಹೊರುತ್ತದೆ. ಪಾಲಿನ ಜೊತೆಗೆ ತೂಕವನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ ಇಂಥ ಮಿಶ್ರಣದಲ್ಲಿ ಸರಾಸರಿ ಕೈಕೊಡುತ್ತದೆ. ಹತ್ತಿರದ ತೂಕದ ಅನಿಲಗಳಲ್ಲಿ ಈ ತಪ್ಪು ಕಾಣಿಸುವುದೇ ಇಲ್ಲವಾದ್ದರಿಂದ ಇಷ್ಟು ವರ್ಷ ನನ್ನ ಪಾಠ ಬದುಕಿಕೊಂಡಿತು.

ಆ ಗೋಪುರಕ್ಕೆ ಅನಿಲ ನೂಕುವ ಬ್ಲೋವರ್ ಏಕೆ ಸೋತಿತೆಂದು ಈಗ ನಿನಗೇ ಹೊಳೆದಿರುತ್ತದೆ. ಸಣ್ಣ ಕಾಳುಗಳ ಸಂದಿಯಲ್ಲಿ ನಿಧಾನವಾಗಿ ಹರಿಯುವಾಗ ಸ್ನಿಗ್ಧತೆ ಹೆಚ್ಚಿದಷ್ಟೂ ಒತ್ತಡ ಬೇಕು. ನೀನು ಕಾಳಿನ ಗಾತ್ರವನ್ನು ತಪ್ಪಾಗಿ ಓದಿದೆಯೆಂದು ಬ್ಲೋವರ್ ಸೋತದ್ದರ ವಿಚಾರಣೆ ನಡೆಸಿದವರು ಬರೆದರು. ನೀನು ಸರಿಯಾಗಿಯೇ ಓದಿದ್ದೆ. ತಪ್ಪಿದ್ದುದು ಸೂತ್ರದ ಸಾಲಿನಲ್ಲಿ. ಅದನ್ನು ಬರೆದವನು ನಾನು, ಬೇರೆ ಯಾರೂ ತಿದ್ದದಂತೆ ಅದಕ್ಕೆ ಬೀಗ ಹಾಕಿದವನೂ ನಾನು. ಅಂದು ವಿಚಾರಣೆಯಲ್ಲಿ ನಿನ್ನನ್ನು ನಿಲ್ಲಿಸಿ ಕೇಳುತ್ತಿದ್ದಾಗ ನೀನು ಒಮ್ಮೆ ನನ್ನ ಕಡೆ ನೋಡಿದೆ. ನಾನು ಕಡತ ತಿರುವುತ್ತಿದ್ದೆ, ಮಗಳೇ.

ಸೋಮವಾರ ಮುಖ್ಯಸ್ಥರಿಗೆ ಎಲ್ಲವನ್ನೂ ಹೇಳಿದೆ. ಅವರು ಬಾಗಿಲು ಹಾಕಿಕೊಂಡು ಬಂದು ಕುಳಿತರು. ‘ಆ ಹಾಳೆ ಬಿಚ್ಚಿದ್ರೆ ಅದೇ ಸೂತ್ರದ ಹದಿನೇಳು ವಿನ್ಯಾಸ ಬಿಚ್ಚಬೇಕು. ಅಲ್ಲೀತನಕ ಈ ಕೋಣೆಗೆ ಬೀಗ. ನಿಮ್ಮ ಮೂವರು ಹೊಸಬರು ಮನೆಗೆ. ಆ ಹುಡುಗಿ ಹೇಗೂ ಹೋಗಿಯಾಯ್ತಲ್ಲ ಸಾರ್’ ಎಂದರು. ವಿಚಾರಣೆಯ ತೀರ್ಮಾನ ಸರಿಯೆಂಬ ಹೇಳಿಕೆಗೆ ಇಂದು ಸಂಜೆ ಐದರೊಳಗೆ ನನ್ನ ಸಹಿ ಬೇಕಂತೆ. ಮೂರು ದಿನದಿಂದ ಈ ಗಾಜಿನ ಗೋಡೆಗಳ ನಡುವೆ ಕುಳಿತಿದ್ದೇನೆ. ಸಹಿ ಹಾಕಿದರೆ ನಿನ್ನ ಹೆಸರು ಶಾಶ್ವತವಾಗಿ ಹಾಳಾಗುತ್ತದೆ. ಹಾಕದಿದ್ದರೆ, ದಶಮಾಂಶಳೂ ಸೇರಿ ನನ್ನನ್ನು ನಂಬಿ ಬಂದ ಮೂವರ ಅನ್ನಕ್ಕೆ ಕಲ್ಲು. ಯಾವ ಕಡೆ ತಿರುಗಿದರೂ ನಾನು ಪ್ರೀತಿಸುವ ಮಕ್ಕಳ ಮುಖವೇ ಎದುರಾಗುತ್ತದೆ. ಗಾಜಿನಾಚೆ ಅವರು ಏನೋ ಹೇಳಿಕೊಂಡು ನಗುತ್ತಿದ್ದಾರೆ. ಈ ವಿಷಯ ಅವರಿಗೆ ಗೊತ್ತಿಲ್ಲ.

ಆರೋಗ್ಯ ನೋಡಿಕೋ. ಹಿರಿಯರೆಲ್ಲರಿಗೂ ಮತ್ತೊಮ್ಮೆ ವಂದನೆ. ನಿನ್ನ ಬುದ್ಧಿ ಚುರುಕಾಗಿಯೇ ಇರಲಿ, ನಿದ್ದೆ ಹಗುರವಾಗಲಿ.

ಇತಿ,
ನಿನ್ನ ಚಿಕ್ಕಪ್ಪ

ತಾ.ಕ.: ನಾಲ್ಕೂವರೆ. ಲಕೋಟೆ ಅಂಟಿಸುವ ಮುನ್ನ ಮೂವರನ್ನೂ ಕರೆದು ಇದ್ದದ್ದನ್ನು ಇದ್ದಂತೆ ಹೇಳಿದೆ. ದಶಮಾಂಶ, ‘ನಾಳೆ ನನ್ನನ್ನೂ ಹೀಗೇ ನಿಲ್ಲಿಸ್ತಾರಲ್ಲ ಸರ್’ ಎಂದಳು. ಹೇಳಿಕೆಗೆ ಸಹಿ ಹಾಕಲಿಲ್ಲ. ತಪ್ಪು ನನ್ನದೆಂದು ಬರೆದುಕೊಟ್ಟು ಬಂದೆ. ಲೆಕ್ಕ ಪರಿಶೀಲಿಸಿ ಒಪ್ಪಿಗೆ ಕೊಡುವ ನನ್ನ ಹಕ್ಕನ್ನು ಆಗಲೇ ಕಿತ್ತುಕೊಂಡರು. ಕೋಣೆಯ ಗತಿ ಸೋಮವಾರದ ಸಭೆಯಲ್ಲಿ ತೀರ್ಮಾನವಾಗುತ್ತದೆ. ಸರಿಯಾದ ಒಂದು ಲೆಕ್ಕವಾದರೂ ಅವರ ಮುಂದಿದ್ದರೆ, ಉಳಿದ ಹದಿನಾರನ್ನು ಈ ಮಕ್ಕಳೇ ತಿದ್ದಬಲ್ಲರೆಂದು ವಾದಿಸಬಹುದು. ಆ ಗೋಪುರವನ್ನು ನಿನ್ನಷ್ಟು ಬಲ್ಲವರು ಇಲ್ಲಿಲ್ಲ. ಅಂಕಿಗಳನ್ನೂ ತೂಕ ಸೇರಿದ ಹೊಸ ಸೂತ್ರವನ್ನೂ ಈ ಹಾಳೆಯ ಬೆನ್ನಿಗೆ ಬರೆದಿದ್ದೇನೆ. ಕಾಗದ ನಾಳೆ ನಿನ್ನ ಕೈ ಸೇರುತ್ತದೆ. ಓದಿ ಮುಗಿಸಿದ ಕೂಡಲೇ ಹಾಳೆ ತಿರುಗಿಸು, ಮೊದಲ ಸಾಲಿನಿಂದ ಲೆಕ್ಕ ಶುರುಮಾಡು.