ಮದುವೆ ಕಾರ್ಡಿನ ಜುಮುಕಿ

ಹಾಸನ
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ಅವ್ವನಿಗೆ,

ನಿನ್ನ ಮಗಳು ಅನುಶ್ರೀ ಮಾಡೋ ನಮಸ್ಕಾರ. ನೀನು ಕಳಿಸಿದ ಕಾರ್ಡಿನ ಗಂಟು ತಲುಪಿ ಇಷ್ಟು ದಿನ ಆಯ್ತು, ಒಂದು ಮಾತು ತಿಳಿಸಲಿಲ್ಲ ಅಂತ ಬೈತಾ ಇರ್ತೀಯ. ಬೈಯಿ. ವಾಯ್ಸ್ ನೋಟ್ ಕಳಿಸೋಣ ಅಂದ್ರೆ, ಹೋದ ಸಲ ನೀನು ನಡುನಡುವೆ ಫೋನಿಗೇ "ಉಂಡ್ಯೇನವ್ವಾ" ಅಂತ ಕೇಳ್ತಿದ್ದೆಯಂತೆ, ತಮ್ಮ ಶಶಿ ಹೇಳ್ಕೊಂಡು ನಕ್ಕ. ಅದಕ್ಕೇ ಈ ಸಲ ನಾನು ಹೇಳ್ತಾ ಹೋಗ್ತೀನಿ, ಫೋನೇ ಬರ್ಕೊಳ್ತದೆ. ನೀನು ನಿಧಾನಕ್ಕೆ ಓದ್ಕೋ. ಉಂಡೆ.

ನಿಂತುಹೋದ ನನ್ನ ಮದುವೆ ಕಾರ್ಡು ಅಟ್ಟದ ಮೇಲೆ ಸುಮ್ಮನೆ ಕೂತಿದಾವೆ, ಓಲೆ ಮಾಡ್ತೀನಿ ಕೊಡು ಅಂದಾಗ ನೀನು ಅಂದಿದ್ದನ್ನ ಇಲ್ಲಿ ಎಲ್ಲರಿಗೂ ಹೇಳಿ ನಗಿಸಿದೀನಿ. "ಗಣಪ್ಪ ಅವ್ನೆ ಅದ್ರಲ್ಲಿ. ಒಲೆಗ್ ಆಕಂಗಿಲ್ಲ, ತಿಪ್ಪೆಗ್ ಎಸಿಯಂಗಿಲ್ಲ. ನೀನು ದ್ಯಾವ್ರನ್ನ ಕಿವಿಗ್ ನೇತಾಕ್ಕಂಡು ಕಕ್ಕಸ್ಗೆ ಓಗ್ತೀಯೇನೆ?" ಆಮೇಲೆ ನೀನೇ ಕೂತು ಒಂದೊಂದರಿಂದಲೂ ಗಣಪ್ಪನನ್ನ ಕತ್ತರಿಸಿ ತೆಗೆದು, ದಂಡಿಗನಹಳ್ಳಿಯಿಂದ ಬಸ್ಸಿಗೆ ಹಾಕಿಸಿದೆ.

ಕಾರ್ಡಿನ ಒಳಗಿನ ತೆಳು ಹಾಳೇನ ಒಂದು ಕಡೆ ಅಗಲ, ಇನ್ನೊಂದು ಕಡೆ ಚೂಪು ಬರೋ ಹಾಗೆ ಉದ್ದುದ್ದ ಕತ್ತರಿಸಿ, ಗೋಂದು ಹಚ್ಚಿ, ಪೊರಕೆ ಕಡ್ಡಿಗೆ ಬಿಗಿಯಾಗಿ ಸುತ್ತಿದ್ರೆ ಮಣಿ. ಮೋಟಾರ್ ರಿಪೇರಿ ಅಂಗಡಿಯವರು ಗುಜರಿಗೆ ಹಾಕೋ ತಂತೀಲಿ ಕೊಕ್ಕೆ. ಮೇಲೆ ವಾರ್ನಿಷ್. ಮೊದಲ ಜೊತೆಗೆ ವಾರ್ನಿಷ್ ಹಚ್ಚೋದೇ ಮರೆತಿದ್ದೆ. ನನ್ನ ರೂಮಿನ ಕವನಾ ಅದನ್ನ ಹಾಕ್ಕೊಂಡೇ ಸ್ನಾನ ಮಾಡಿ ಬಂದು, "ಲೇ ಅನು, ಜುಮುಕಿ ಅಂತ ಕೊಟ್ಟೆ, ಕಿವೀಲಿ ಮುದ್ದೆ ಆಗ್ಬುಟ್ಟದೆ ಕಣೆ" ಅಂದಳು.

ಈಗ ಗಾರ್ಮೆಂಟ್ಸಲ್ಲಿ ಊಟದ ಬೆಲ್ ಆದ್ರೆ ಡಬ್ಬಿ ಬಿಚ್ಚೋಕೆ ಮುಂಚೆ ಜುಮುಕಿ ನೋಡ್ತಾರೆ. ಸೂಪರ್‌ವೈಸರ್ ಚಂದ್ರಶೇಖರಯ್ಯ ಮಣಿ ಮೇಲಿದ್ದ ಅಕ್ಷರ ಓದಿ, "ಏನಮ್ಮ, ಕಾರ್ಡ್ ನೀನು ಕೊಡ್ತೀಯ, ಊಟ ಮಾತ್ರ ನಾವೇ ತರ್ಬೇಕಾ?" ಅಂದ್ರು. ಎಲ್ಲರೂ ನನ್ನ ಮುಖ ನೋಡಿದ್ರು. ನಾನೇ ಮೊದಲು ನಕ್ಕೆ ಅವ್ವ. ನಿಜವಾಗ್ಲೂ ನಗು ಬಂತು. ಅವರೂ ಮಗಳಿಗೆ ಅಂತ ಒಂದು ಜೊತೆ ತಗೊಂಡ್ರು.

ಕೆಲವು ಮಣಿಗಳಲ್ಲಿ ತೂತು ಬಿದ್ದು, ಒಳಸುತ್ತಿನ ಬಣ್ಣ ಕಣ್ಣಿನ ಹಾಗೆ ಇಣುಕ್ತದೆ. ಇಲಿ ಕಡಿದಿದೆ ಅಂತ ಬದಿಗಿಟ್ಟಿದ್ದೆ. ಹುಡುಗೀರು ಅದನ್ನೇ ಹುಡುಕಿ, "ಅಕ್ಕಾ, ಕಣ್ಣಿರೋದು ಕೊಡಿ" ಅಂತಾರೆ.

ದಸರಾಕ್ಕೆ ಬರ್ತೀನಿ. ಮಣಿಗೆ ಆಗ್ತದೆ, ಹಳೇ ಕ್ಯಾಲೆಂಡರ್ ಎಸೀಬೇಡ ಅಂತ ಶಶಿಗೆ ಹೇಳು. ಅಲ್ಲಿಂದಲೇ ನನ್ನ ತಲೆ ಮೇಲೆ ಒಂದು ಸಲ ಕೈಯಾಡಿಸು.

ನಿನ್ನ
ಅನು

ತಾ.ಕ.: ಅದು ಇಲಿ ಅಲ್ಲ ಅವ್ವ. ನಿನ್ನೆ ಉಳಿದ ಹಾಳೆಗಳನ್ನ ಬಿಡಿಸಿ ನೋಡಿದೆ. ಮೇಲೆ ಗಣಪ್ಪನ ಜಾಗ ಖಾಲಿ. ಕೆಳಗೆ, ತಮ್ಮ ಆಗಮನ ಬಯಸುವವರು ಅಂತ ಇರೋ ಕಡೆ, 'ಶ್ರೀಮತಿ ಬೆಟ್ಟಮ್ಮ ಮತ್ತು ಶ್ರೀ' ಅಂತ ಇದೆ. ಮುಂದೆ ಅಪ್ಪನ ಹೆಸರಿಲ್ಲ, ತೂತು. ಎಲ್ಲಾದರಲ್ಲೂ. ಕಾರ್ಡು ಬಂದ ವಾರವೇ ಅಪ್ಪ ತೀರ್ಕೊಂಡ್ರು, ಅಪಶಕುನ ಅಂತ ಗಂಡಿನವರು ಬಿಟ್ಟುಹೋದ್ರು. ಆ ಹುಡುಗನಿಗೋಸ್ಕರ ಅಳ್ತಿದೀನಿ ಅಂದ್ಕೊಂಡು ನೀನು ಸಮಾಧಾನ ಮಾಡ್ತಿದ್ದೆ. ನಾನು ಅಳ್ತಿದ್ದದ್ದು ಅವನಿಗಲ್ಲ. ಅಷ್ಟು ಹೆಸರನ್ನೂ ಎಲ್ಲಿಟ್ಟಿದೀಯ ಅಂತ ಕೇಳಲ್ಲ. ಒಂದು ನನಗೂ ಕಳಿಸು. ಮಣಿ ಮಾಡಲ್ಲ.